ಗೋಮಾಳದ ಲಂಟಾನವೂ ಚಂದ್ರಿಯ ಮೂತಿಯೂ

ನನ್ನ ಹಸು ಚಂದ್ರಿ ಮನೆಯಲ್ಲಿ ಉಳಿದದ್ದು ಅದರ ಮೂತಿಯ ಚರ್ಮ ಸುಲಿದು, ಕೊಳ್ಳಲು ಬಂದ ದಲ್ಲಾಳಿ ಬೇಡವೆಂದು ಹೋದದ್ದರಿಂದ. ನಡೆದದ್ದು ಅಷ್ಟೇ. ನಮ್ಮ ಮನೆಯ ಮದುವೆ, ನಾಮಕರಣಗಳಲ್ಲಿ ನನ್ನ ಮಕ್ಕಳು ಹೇಳುವ ಕಥೆ ಬೇರೆ. ಅವ್ವ ಒಬ್ಬಳೇ ಮಚ್ಚು ಹಿಡಿದು ಊರ ಗೋಮಾಳದ ಲಂಟಾನವನ್ನೆಲ್ಲ ಕಡಿದಳಂತೆ, ಬೆಂಕಿ ಹಚ್ಚಿದಳಂತೆ, ಹುಲ್ಲು ಬರಿಸಿ ಹಸು ಉಳಿಸಿಕೊಂಡಳಂತೆ. ಕೇಳುವುದಕ್ಕೆ ಚೆನ್ನಾಗಿದೆ. ನಾನು ಒಬ್ಬಳೇ ಇರಲಿಲ್ಲ. ಬೆಂಕಿ ಹಚ್ಚಿದ್ದು ಶುದ್ಧ ತಪ್ಪು. ಹಸು ಸಾಯುವ ಮಟ್ಟಕ್ಕೆ ಹೋದದ್ದೂ ನನ್ನಿಂದಲೇ. ಇದನ್ನು ಹೇಳಹೊರಟರೆ "ಸುಮ್ನಿರವ್ವ, ಕಥೆ ಕೆಡಿಸ್ಬೇಡ" ಎನ್ನುತ್ತಾರೆ.

ಕೆಡಿಸಿಯೇ ಬಿಡೋಣ ಅನ್ನಿಸಿದ್ದು ಮೊನ್ನೆ. ಮೊಮ್ಮಗಳು ನರ್ಸರಿಯಿಂದ ಒಂದು ಕುಂಡ ತಂದು ಬಾಲ್ಕನಿಯಲ್ಲಿಟ್ಟಳು. ಒಂದೇ ಗೊಂಚಲಿನಲ್ಲಿ ಹಳದಿಯೂ ಕೆಂಪೂ ಕೂಡಿದ ಪುಟ್ಟ ಪುಟ್ಟ ಹೂವು.

"ಅಜ್ಜಿ, ನೋಡಿ ಎಷ್ಟು ಮುದ್ದಾಗಿದೆ! ಇದಕ್ಕೆ ಚಿಟ್ಟೆ ಬರುತ್ತಂತೆ."

"ಇದನ್ನ ದುಡ್ಡು ಕೊಟ್ಟು ತಂದ್ಯಾ?"

"ಹೂಂ ಅಜ್ಜಿ. ಇದು ಸ್ಪೆಷಲ್ ತಳಿ."

"ಇದರ ಮುತ್ತಾತ ನಂಗೆ ಗೊತ್ತು ಕಣೆ."

ಒಂದು ಎಲೆ ಕಿತ್ತು, ಬೆರಳಲ್ಲಿ ಹೊಸಕಿ ಮೂಗಿಗೆ ಹಿಡಿದೆ. ಅಬ್ಬಾ, ಅದೇ ವಾಸನೆ! ಸೀಮೆಎಣ್ಣೆಗೆ ನಿಂಬೆಹಣ್ಣು ಹಿಂಡಿದ ಹಾಗೆ. ಎಂಬತ್ತು ದಾಟಿದ ನನ್ನ ಮೂಗಿಗೆ ಈಗ ಒಗ್ಗರಣೆ ಸೀದರೂ ಗೊತ್ತಾಗುವುದಿಲ್ಲ. ಆದರೆ ಅವತ್ತು ಇಡೀ ಗೋಮಾಳವೇ ಮೂಗಿನೊಳಗೆ ಎದ್ದು ನಿಂತಿತು.

ಲಂಟಾನದ ಸಹವಾಸ ನನಗೆ ಮದುವೆಗೆ ಮುಂಚಿನದು. ನನ್ನ ತವರು ತಲಘಟ್ಟಪುರದ ಪಕ್ಕ. ಹಳ್ಳದ ದಂಡೆಯುದ್ದಕ್ಕೂ ಈ ಗಿಡ. ಹೂವಿನ ಕೊಳವೆ ಕಿತ್ತು ಬುಡ ಚೀಪಿದರೆ ಒಂದು ಚೂರು ಸಿಹಿ ಬರುತ್ತಿತ್ತು. ಕಪ್ಪಗೆ ಹಣ್ಣಾದದ್ದನ್ನು ತಿಂದು ನಾಲಿಗೆ ನೇರಳೆ ಮಾಡಿಕೊಳ್ಳುತ್ತಿದ್ದೆವು. ಹಸಿರು ಕಾಯಿ ತಿನ್ನಬಾರದು ಎನ್ನುತ್ತಿದ್ದರು. ನಾನು ತಿಂದು ನೋಡಿದೆ. ಯಾಕೆ ತಿನ್ನಬಾರದು ಎಂಬುದು ಅವತ್ತು ಸಂಜೆಯೇ ಗೊತ್ತಾಯಿತು. ನಮ್ಮ ಶಾಲೆಯ ಮೇಷ್ಟ್ರ ಕೋಲೂ ಲಂಟಾನದ್ದೇ. ಮುಳ್ಳು ಹೆರೆದು ನುಣುಪು ಮಾಡಿ ತಂದುಕೊಡುವ ಕೆಲಸ ನನ್ನದು. ಕೋಲು ಹೇಗಿದೆ ನೋಡಲು ಮೊದಲ ಏಟೂ ನನಗೇ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟೆ. ಕಲಿತ ಅಕ್ಷರದಲ್ಲಿ ಅರ್ಧ ಮೇಷ್ಟ್ರು ಕಲಿಸಿದ್ದು, ಇನ್ನರ್ಧ ಲಂಟಾನ.

ಮದುವೆಯಾಗಿ ನಾನು ಬಂದದ್ದು ಹೊಸಕೆರೆಹಳ್ಳಿ ಕೆರೆಗೆ ಸ್ವಲ್ಪ ಈಚೆ ಇದ್ದ ಒಂದು ಊರಿಗೆ. ಈಗ ಅದನ್ನು ಬನಶಂಕರಿ ಎನ್ನುತ್ತಾರೆ. ಆಗ ಊರೆಂದರೆ ನಲವತ್ತು ಮನೆ, ಒಂದು ಅರಳಿಕಟ್ಟೆ, ಊರ ದನಗಳೆಲ್ಲ ಮೇಯಲೆಂದು ಬಿಟ್ಟ ಒಂದು ಗೋಮಾಳ. ಜಯನಗರದಲ್ಲಿ ಹೊಸದಾಗಿ ಮನೆಗಳು ಏಳುತ್ತಿದ್ದವು. ನಮ್ಮ ಯಜಮಾನರು ಬೆಳಗಾಗುವ ಮುಂಚೆ ಊರಿನವರ ಹಾಲು ಕೂಡಿಸಿ, ಸೈಕಲ್ಲಿಗೆ ಕ್ಯಾನು ಕಟ್ಟಿಕೊಂಡು ಅಲ್ಲಿಯ ಮನೆಮನೆಗೆ ವರ್ತನೆ ಹಾಲು ಹಾಕಲು ಹೋಗುತ್ತಿದ್ದರು. ಮಾತು ಕಡಿಮೆಯ ಮನುಷ್ಯ. ನನ್ನ ಪಾಲಿನ ಮಾತೂ ಅವರ ಪಾಲಿನ ಮಾತೂ ನಾನೇ ಆಡಿ ಮುಗಿಸುತ್ತಿದ್ದೆ.

ಚಂದ್ರಿ ನನ್ನ ಜೊತೆ ತವರಿಂದ ಬಂದ ಹಸು. ನಮ್ಮವ್ವ ಬಳುವಳಿಯಾಗಿ ಕೊಟ್ಟದ್ದು. ಬಂದಾಗ ಇನ್ನೂ ಕಡಸು. ಮೈಯೆಲ್ಲ ಬಿಳಿ, ಮೂತಿ ಮಗುವಿನ ಅಂಗಾಲಿನಂತೆ ತಿಳಿಗೆಂಪು. ಆ ಮನೆಯಲ್ಲಿ ಪಾತ್ರೆ ಅತ್ತೆಯದು, ಹೊಲ ಭಾವನದು, ಸೈಕಲ್ಲು ಗಂಡನದು. ನನ್ನದು ಅಂತ ಇದ್ದದ್ದು ಚಂದ್ರಿ ಒಂದೇ. ಅದಕ್ಕೇ ಅದರ ಮೇಲೆ ಪ್ರಾಣ ಅಂತ ನೀವು ತಿಳಿದರೆ ಸರಿಯಲ್ಲ. ಅದು ಒದೆಯುತ್ತಿತ್ತು, ನನ್ನ ಎರಡು ಸೀರೆ ತಿಂದಿತ್ತು. ಆದರೆ ನನ್ನದು.

ಭಾವ ಅಂದೆನಲ್ಲ, ಗಂಡನ ಅಣ್ಣ. ಮನೆಯ ಯಜಮಾನಿಕೆ ಅವರದೇ. ತಮ್ಮನ ಹೆಂಡತಿ ಭಾವನ ಎದುರು ನಿಂತು ಮಾತಾಡುವ ಹಾಗಿರಲಿಲ್ಲ. ನಮ್ಮ ನಡುಮನೆಯಲ್ಲಿ ಒಂದು ಕಂಬವಿತ್ತು. ನಾನು ಹೇಳಬೇಕಾದದ್ದನ್ನು ಕಂಬಕ್ಕೆ ಹೇಳುತ್ತಿದ್ದೆ, ಭಾವ ಕೇಳಿಸಿಕೊಳ್ಳುತ್ತಿದ್ದರು. ಅವರು ನನಗೆ ಹೇಳಬೇಕಾದದ್ದನ್ನೂ ಕಂಬಕ್ಕೇ ಹೇಳುತ್ತಿದ್ದರು. ಮೂರು ವರ್ಷ ಆ ಕಂಬ ನಮ್ಮಿಬ್ಬರ ನಡುವೆ ನಿಂತು ಏನೇನು ಕೇಳಿಸಿಕೊಂಡಿತೋ! ಬಾಯಿ ಬಂದಿದ್ದರೆ ಮೊದಲು ಬೈಯುತ್ತಿದ್ದದ್ದು ನನ್ನನ್ನೇ.

ಮೂರನೇ ವರ್ಷದ ದೀಪಾವಳಿ ಕಳೆದ ಮೇಲೆ, ಚಂದ್ರಿ ಚೊಚ್ಚಲ ಗಬ್ಬವಾಗಿದ್ದಾಗ, ಭಾವ ಕಂಬಕ್ಕೆ ಹೇಳಿದರು:

"ಬಣವೇಲಿರೋ ಹುಲ್ಲು ಎತ್ತಿಗೇ ಸಾಲ್ದು. ಗೋಮಾಳ್ದಲ್ಲಿ ಮೇಯಾಕೆ ಏನೈತೆ, ಬರೀ ಲಂಟಾನ. ಗಬ್ಬದ ಹಸೂಗೆ ಒಳ್ಳೆ ಗಿರಾಕಿ ಬತ್ತಾರೆ. ಯುಗಾದಿ ಹೊತ್ಗೆ ಕೊಟ್ಬಿಡಾನ."

ನಾನೂ ಕಂಬಕ್ಕೆ ಹೇಳಿದೆ: "ಹಸು ನಮ್ಮವ್ವ ಕೊಟ್ಟಿದ್ದು."

"ಹಸು ಅವರವ್ವಂದೇ ಇರ್ಲಿ. ಹುಲ್ಲು ಯಾರವ್ವಂದು?"

ನಾನು ಕಂಬಕ್ಕೆ ಇನ್ನೂ ಒಂದು ಹೆಜ್ಜೆ ಹತ್ತಿರ ಹೋದೆ.

"ಗೋಮಾಳ್ದಲ್ಲಿ ಹುಲ್ಲು ಬಂದ್ರೆ?"

ಭಾವ ನಕ್ಕರು. "ಯುಗಾದಿ ಹೊತ್ಗೆ ಗೋಮಾಳ್ದಲ್ಲಿ ಹುಲ್ಲು ಬಂದ್ರೆ ಹಸು ಇರ್ಲಿ. ನಂದೇನೈತೆ."

ಒಲೆಯ ಮುಂದಿದ್ದ ನಮ್ಮತ್ತೆ ಊದುಗೊಳವೆ ಕೆಳಗಿಟ್ಟು, "ಕಂಬ ಕೇಳಿಸ್ಕೊಂಡೈತೆ, ನಾನೂ ಕೇಳಿಸ್ಕೊಂಡಿವ್ನಿ" ಎಂದರು. ಅತ್ತೆ ನನ್ನ ಪರವೂ ಅಲ್ಲ, ಮಗನ ಪರವೂ ಅಲ್ಲ. ಪಂದ್ಯ ಅಂದರೆ ಅವರಿಗೆ ಖುಷಿ.

ಗೋಮಾಳದ ಸ್ಥಿತಿ ಹೇಳುತ್ತೇನೆ ಕೇಳಿ. ಬಿಳಿಯರು ತಮ್ಮ ಬಂಗಲೆಯ ತೋಟಕ್ಕೆಂದು ತಂದ ಹೂವಿನ ಗಿಡವಂತೆ ಇದು. ಹಕ್ಕಿಗಳು ಹಣ್ಣು ತಿಂದವು, ಬೇಕಾದ ಕಡೆ ಹಿಕ್ಕೆ ಹಾಕಿದವು. ನಮ್ಮವರು ಇನ್ನೂ ಜಾಣರು: ದನ ನುಗ್ಗುವುದಿಲ್ಲ ಅಂತ ಹೊಲದ ಸುತ್ತ ಬೇಲಿಗೆ ಅದನ್ನೇ ನೆಟ್ಟರು. ಬೇಲಿ ಹೊಲ ಕಾಯುತ್ತಾ ಕಾಯುತ್ತಾ ಗೋಮಾಳಕ್ಕೆ ಇಳಿಯಿತು. ನಾನು ಬರುವ ಹೊತ್ತಿಗೆ ಆಳೆತ್ತರ ಪೊದೆ, ನಡುವೆ ಸುರಂಗದಂಥ ಕಾಲುದಾರಿ. ಹಸು ಒಳಗೆ ಹೋದರೆ ಕಾಣುತ್ತಿರಲಿಲ್ಲ, ಕೊರಳ ಗಂಟೆ ಮಾತ್ರ ಕೇಳಿಸುತ್ತಿತ್ತು. ಹೊಟ್ಟೆ ತುಂಬಿಸಿಕೊಳ್ಳಲು ಹೋದ ದನ ಮೈತುಂಬ ಗೀರು ತುಂಬಿಸಿಕೊಂಡು ಬರುತ್ತಿತ್ತು.

ಮೇವಿಲ್ಲದ್ದು ನಮ್ಮ ಮನೆಗೆ ಮಾತ್ರವಲ್ಲವಲ್ಲ. ಅರಳಿಕಟ್ಟೆಯಲ್ಲಿ ಸೇರಿ, ಮನೆಗೊಂದಾಳು ಬರಬೇಕು, ಸಂಕ್ರಾಂತಿಯೊಳಗೆ ಗೋಮಾಳ ಬಯಲು ಮಾಡಬೇಕು ಎಂದು ತೀರ್ಮಾನ ಮಾಡಿದರು. ಕೆರೆ ಹೂಳು ಎತ್ತಲಿ, ಗುಡಿಗೆ ಸುಣ್ಣ ಹೊಡೆಯಲಿ, ನಮ್ಮಲ್ಲಿ ಊರ ಕೆಲಸವೆಲ್ಲ ಹಾಗೆಯೇ: ಮನೆಗೊಂದಾಳು. ನಮ್ಮ ಯಜಮಾನರಿಗೆ ಹಾಲಿನ ಕೆಲಸ. ಭಾವನಿಗೆ ಕಟ್ಟೆಯ ಮೇಲೆ ಕೂತು ಯಾರ ಮನೆಯ ಆಳು ಬಂತು, ಯಾರದು ಬರಲಿಲ್ಲ ಎಂದು ನೋಡುವ ಕೆಲಸ. "ನಮ್ಮನೆ ಆಳು ನಾನೇ" ಎಂದೆ ಕಂಬಕ್ಕೆ.

"ಹೆಂಗ್ಸು ಅರ್ಧ ಆಳು" ಎಂದಿತು ಕಂಬ.

ಎದುರು ಮನೆಯ ಸಿದ್ದಮ್ಮನಿಗೂ ಅದೇ ಗತಿ. ಗಂಡ ತೀರಿಕೊಂಡು ಮನೆಯಲ್ಲಿ ಗಂಡಾಳಿಲ್ಲ. ಅವಳೂ ಅರ್ಧ. ಸಿದ್ದಮ್ಮ ಕಟ್ಟೆಯ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತು ಕೇಳಿದಳು: "ಅರ್ಧ, ಅರ್ಧ ಸೇರಿದ್ರೆ ಎಷ್ಟಾಯ್ತದಣ್ಣ?" "ಒಂದು" ಎಂದರು ಯಾರೋ. "ಹಂಗಾರೆ ಈ ಒಂದು ಆಳಿಗೆ ನಾಕು ಕೈ ಐತೆ, ನೆಪ್ಪಿರ್ಲಿ."

ಆ ಎರಡು ತಿಂಗಳು! ನನ್ನ ಆಯುಷ್ಯದಲ್ಲಿ ಅಷ್ಟು ಖುಷಿಯಾಗಿ ನಾನು ಹೆರಿಗೆಯಾದ ಮೇಲೂ ಇರಲಿಲ್ಲ. ಬೆಳಿಗ್ಗೆ ಮುದ್ದೆ ಉಂಡು, ಕೈಗೆ ಗೋಣಿತಾಟು ಸುತ್ತಿಕೊಂಡು ಹೊರಡುವುದು. ಲಂಟಾನ ಕಡಿಯುವುದಕ್ಕೆ ಇಬ್ಬರು ಬೇಕು. ಒಬ್ಬರು ತುದಿ ಕವಲೊಡೆದ ಉದ್ದನೆಯ ಕವೆಗೋಲಿನಿಂದ ಪೊದೆಯನ್ನು ಒತ್ತಿ ಎತ್ತಿ ಹಿಡಿಯಬೇಕು, ಇನ್ನೊಬ್ಬರು ಬಗ್ಗಿ ಒಳಗೆ ನುಗ್ಗಿ ಬುಡಕ್ಕೆ ಮಚ್ಚು ಹಾಕಬೇಕು. ಗಂಡಸರು ಒಬ್ಬೊಬ್ಬರೇ ನುಗ್ಗಿ ಮೈ ಪರಚಿಸಿಕೊಂಡರು. ನಾವಿಬ್ಬರು ಅರ್ಧ ಆಳುಗಳು ಕವೆಗೋಲು ಒಬ್ಬಳು, ಮಚ್ಚು ಒಬ್ಬಳು, ಸುಸ್ತಾದಾಗ ಅದಲು ಬದಲು. ಮಧ್ಯಾಹ್ನದ ಹೊತ್ತಿಗೆ ನಮ್ಮ ಸಾಲು ಅವರಿಗಿಂತ ಮುಂದೆ.

"ಏನವ್ವ, ನಿಧಾನ! ಗಿಡ ಓಡೋಗಾಕಿಲ್ಲ" ಎಂದ ಹಿಂದುಳಿದವನೊಬ್ಬ.

"ಗಿಡ ಓಡೋಗಾಕಿಲ್ಲ ಬುಡಣ್ಣ, ಯುಗಾದಿ ಓಡಿ ಬತ್ತೈತೆ" ಎಂದೆ ನಾನು.

ಪೊದೆ ಬಿದ್ದ ಹಾಗೆಲ್ಲ ಒಳಗಿಂದ ಏನೇನೋ ಹೊರಗೆ ಬರುತ್ತಿತ್ತು. ಮೊಲ ಹಾರಿದರೆ ಇಡೀ ಊರೇ ಮಚ್ಚು ಬಿಸಾಕಿ ಅದರ ಹಿಂದೆ. ಒಂದು ಮುಂಗುಸಿ ಸಿದ್ದಮ್ಮನ ಕಾಲ ನಡುವೆ ನುಸುಳಿ ಹೋದಾಗ ಅವಳು ಹಾಕಿದ ಕೂಗಿಗೆ ಕೆರೆಯ ಆಚೆ ಬಟ್ಟೆ ಒಗೆಯುತ್ತಿದ್ದವರು ಎದ್ದು ನಿಂತರಂತೆ. ತುಕ್ಕು ಹಿಡಿದ ಕುಡುಗೋಲು, ಯಾರದೋ ಒಂಟಿ ಕಡಗ, ಕಳೆದು ಎಷ್ಟು ವರ್ಷವಾಗಿತ್ತೋ ಗೊತ್ತಿಲ್ಲದ ತಾಮ್ರದ ಚೊಂಬು. ಒಂದು ದಿನ ನನ್ನ ಮಚ್ಚು ಕಲ್ಲಿಗೆ ಬಡಿದು ಕಿಡಿ ಹಾರಿತು. ಸುತ್ತಲಿನ ಗಿಡ ಸವರಿದರೆ, ದನ ನೀರು ಕುಡಿಯುವ ಕಲ್ಲುಬಾನಿ! ಎರಡಾಳುದ್ದ, ಒಳಗೆಲ್ಲ ನುಣುಪು. ಅಂಥದೊಂದು ಇತ್ತು ಎಂದು ಮುದುಕರು ಹೇಳುತ್ತಿದ್ದರು, ಯಾರೂ ನಂಬುತ್ತಿರಲಿಲ್ಲ. ಸಂಜೆಯ ಹೊತ್ತಿಗೆ ಅದನ್ನು ತಮ್ಮ ತಾತನೇ ಕೆತ್ತಿಸಿದ್ದು ಎಂದು ಮೂರು ಮನೆಯವರು ಹೇಳಿಕೊಂಡು ಓಡಾಡಿದರು. ನಾನು ಕೊಡದಲ್ಲಿ ನೀರು ಹೊತ್ತು ತಂದು ಸುರಿದು, ಚಂದ್ರಿಗೆ ಮೊದಲು ಕುಡಿಸಿದೆ. ಜಗಳಕ್ಕೆ ಮುಂಚೆ ನೀರು.

ಈಗ ತಪ್ಪಿನ ವಿಷಯ. ಕಡಿದ ಲಂಟಾನ ಬಯಲಿನ ತುಂಬ ಒಣಗಿ ಬಿದ್ದಿತ್ತು. ಇನ್ನು ಮೂರು ದಿನಕ್ಕೆ ಸಂಕ್ರಾಂತಿ. ನಮ್ಮ ಕಡೆ ಸಂಕ್ರಾಂತಿ ಸಂಜೆ ದನಗಳಿಗೆ ಕಿಚ್ಚು ಹಾಯಿಸುವುದು ನಿಮಗೆ ಗೊತ್ತಲ್ಲ: ಹುಲ್ಲು ಹರಡಿ ಬೆಂಕಿ ಹಾಕಿ, ಮೈ ತೊಳೆದು ಕೊಂಬಿಗೆ ಬಣ್ಣ ಬಳಿದ ದನಗಳನ್ನು ಅದರ ಮೇಲೆ ಹಾರಿಸುವುದು. ಮಾಮೂಲಿಯಾಗಿ ಎರಡು ತಬ್ಬು ಹುಲ್ಲು ಸಾಕು. ಆ ವರ್ಷ ಹುಲ್ಲಿಗೇ ಬರ. ಆಗ ಒಬ್ಬ ಮಹಾ ಬುದ್ಧಿವಂತೆ, "ಈ ಲಂಟಾನದಲ್ಲೇ ಕಿಚ್ಚು ಮಾಡೋಣ, ಹಬ್ಬವೂ ಆಯಿತು, ಕಸವೂ ಹೋಯಿತು" ಎಂದಳು. ಆ ಬುದ್ಧಿವಂತೆ ನಾನೇ. ಊರು ಕುಣಿಯಿತು. ಇನ್ನೂ ಕಡಿಯದೆ ನಿಂತ ಪೊದೆಗಳ ಪಕ್ಕದಲ್ಲೇ ಮನೆಯೆತ್ತರ ಒಟ್ಟಿದರು.

ಒಣ ಲಂಟಾನ ಉರಿಯುವುದನ್ನು ನೀವು ನೋಡಿಲ್ಲ. ಎಲೆಯಲ್ಲಿ ಎಣ್ಣೆಯಿರುತ್ತದೋ ಏನೋ, ಚಟಪಟ ಚಟಪಟ ಸಿಡಿದು ಒಂದೇ ಉಸಿರಿಗೆ ಮುಗಿಲಿಗೆ ಹೋಯಿತು. ಹಾರುವುದಿರಲಿ, ದನಗಳು ಅದನ್ನು ನೋಡಿದ್ದೇ ಹಿಂದೆ ತಿರುಗಿದವು. ಬಣ್ಣದ ಕೊಂಬು, ಕೊರಳಲ್ಲಿ ಹೂವು, ಅವಲ್ಲದೆ ಹಗ್ಗದ ತುದಿಯಲ್ಲಿ ಒಬ್ಬೊಬ್ಬ ಮನುಷ್ಯ! ನಮ್ಮ ಭಾವ ಜೋಡಿ ಎತ್ತಿನ ಹಗ್ಗ ಬಿಡದೆ ಹುರುಳಿ ಹೊಲದ ಆ ತುದಿಯವರೆಗೆ ಹೋದರು. ಕಾಲಲ್ಲಿ ಹೋದದ್ದು ಸ್ವಲ್ಪ, ಮಿಕ್ಕದ್ದು ಹೊಟ್ಟೆಯ ಮೇಲೆ. ಹೋದ ಪೇಟ ಸಿಗಲಿಲ್ಲ. ಅಷ್ಟರಲ್ಲಿ ಬೆಂಕಿ ನಿಂತ ಪೊದೆಗಳಿಗೆ ಹತ್ತಿತು. ಎಲ್ಲರೂ ಹಸಿ ಸೊಪ್ಪು ಹಿಡಿದು ಬಡಿಯಲು ಓಡಿದೆವು. ಅರ್ಧ ದಾರಿಯಲ್ಲಿ ಸಿದ್ದಮ್ಮ ನಿಂತು, "ಅಲ್ಲ, ಉರೀತಿರೋದು ಲಂಟಾನ ತಾನೆ? ನಾವ್ಯಾಕ್ ಆರಿಸ್ಬೇಕು?" ಎಂದಳು. ಹೌದಲ್ಲ! ಸೊಪ್ಪು ಕೆಳಗಿಟ್ಟು ನಿಂತು ನೋಡಿದೆವು. ಒಂದೊಂದು ಪೊದೆ ಭುಗ್ಗೆಂದಾಗಲೂ ಚಪ್ಪಾಳೆ. ನಾನು ಸೆರಗು ಕಟ್ಟಿಕೊಂಡು ಕುಣಿದೆ ಎಂದು ಹೇಳುತ್ತಾರೆ. ಸುಳ್ಳಿರಲಾರದು.

ಬೆಳಗಾದಾಗ ಗೋಮಾಳ ಕಪ್ಪಗೆ ಬೋಳು. ಈ ಮೂಲೆಯಿಂದ ಆ ಮೂಲೆ ಕಾಣುತ್ತಿತ್ತು. ನಾವು ಗೆದ್ದೆವು ಎಂದು ಮಚ್ಚು ತೊಳೆದು ಅಟ್ಟಕ್ಕೆ ಇಟ್ಟೆವು. ಬುಡ ನೆಲದೊಳಗೆ ಹಾಗೇ ಇದೆ ಎಂದು ನಲವತ್ತು ಮನೆಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಯುಗಾದಿಗೆ ಎಂಟು ದಿನ ಇದ್ದಾಗ ಎರಡು ಒಳ್ಳೆ ಮಳೆ ಬಿದ್ದು ಹೋಗಿತ್ತು. ಬೆಳಿಗ್ಗೆ ಸಗಣಿ ಬಾಚಿ ತಿಪ್ಪೆಗೆ ಹಾಕಲು ಹೋದವಳು ತಲೆಯೆತ್ತಿ ನೋಡುತ್ತೇನೆ, ಗೋಮಾಳ ಹಸಿರು! ಮಂಕರಿ ಅಲ್ಲೇ ಬಿಟ್ಟು ಓಡಿದೆ. ಹುಲ್ಲು ನಿಜವಾಗಿ ಬಂದಿತ್ತು, ಬೆರಳುದ್ದ. ಹುಲ್ಲಿನ ನಡುವೆ ಸುಟ್ಟ ಬುಡಗಳಿಂದ ಲಂಟಾನದ ಚಿಗುರೂ ಎದ್ದಿತ್ತು, ಎಳೆಯದು, ಮೆತ್ತಗೆ. ಕಂಡೆ. ಕಂಡೂ ಬಿಟ್ಟೆ. ಯಾವ ದನವೂ ಲಂಟಾನಕ್ಕೆ ಬಾಯಿ ಹಾಕುವುದಿಲ್ಲ ಎಂದು ನಮ್ಮೂರಲ್ಲಿ ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ಚಂದ್ರಿಗೆ ಮಾತ್ರ. ಎರಡು ತಿಂಗಳು ಬರೀ ಒಣ ರಾಗಿಹುಲ್ಲು, ಅದೂ ಅರೆಹೊಟ್ಟೆ ತಿಂದ ಹಸು. ಹಸಿರು ಕಂಡರೆ ಹುಲ್ಲು ಯಾವುದು, ಚಿಗುರು ಯಾವುದು ಅಂತ ಆರಿಸುತ್ತದೆಯೇ? ನಾನೇ ಅದರ ಹಗ್ಗ ಬಿಚ್ಚಿ, ಓಡಿಸಿಕೊಂಡು ಹೋಗಿ ಗೋಮಾಳದ ನಡುವೆ ನಿಲ್ಲಿಸಿದೆ. ಕಂಬ ಗಿಂಬ ಎಲ್ಲ ಮರೆತು ಬಯಲಿನಿಂದಲೇ ಕೂಗಿದೆ:

"ಭಾವ! ಬನ್ನಿ ಇಲ್ಲಿ! ಹುಲ್ಲು ನೋಡಿ! ಯಾರವ್ವಂದು ಕೇಳ್ತಿದ್ರಲ್ಲ, ನೋಡಿ!"

ಭಾವ ಬಂದರು. ಊರೂ ಬಂತು. ಚಂದ್ರಿ ಗಬಗಬ ತಿನ್ನುತ್ತಿತ್ತು. ಭಾವ ಮೀಸೆ ಎಳೆದುಕೊಂಡು, ನನ್ನ ಕಡೆ ನೋಡದೆ, "ಯುಗಾದಿಗೆ ಇನ್ನೂ ಎಂಟು ದಿನ ಐತೆ" ಎಂದು ಹೊರಟುಹೋದರು. ಸೋತವರ ಮಾತು ಅದು! ಅವತ್ತು ರಾಗಿಗೆ ಬದಲು ಅನ್ನ ಮಾಡಿದೆ.

ಎರಡನೇ ದಿನ ಚಂದ್ರಿ ಬಾಯಿಗೆ ಹುಲ್ಲು ಮುಟ್ಟಿಸಲಿಲ್ಲ. ಕಿವಿ ಜೋಲು ಬಿದ್ದಿತ್ತು. ರಾತ್ರಿಯ ಮಂಜಿಗೆ ನೆಗಡಿಯಾಗಿದೆ, ಕೊಟ್ಟಿಗೆ ಥಂಡಿ ಎಂದುಕೊಂಡು, ಬೆಚ್ಚಗಿರಲಿ ಅಂತ ಅಂಗಳದಲ್ಲಿ ನಡು ಬಿಸಿಲಿಗೆ ಕಟ್ಟಿದೆ. ಸಂಜೆಗೆ ಮೂತಿ ಕೆಂಪಗೆ ಊದಿತು. ನೆಗಡಿ ಜಾಸ್ತಿಯಾಯಿತು ಎಂದು ಮಾರನೆ ದಿನ ಇನ್ನೂ ಹೆಚ್ಚು ಹೊತ್ತು ಬಿಸಿಲಲ್ಲಿ ಕಟ್ಟಿದೆ. ಮೂತಿಯೂ ಕಿವಿಯೂ ಬಿರಿದವು. ಕಣ್ಣಿನ ಬಿಳಿ ಅರಿಸಿನ ಕದಡಿದ ಹಾಗಾಯಿತು. ಅತ್ತೆ, "ಆ ಬೆಂಕಿ ಮುಂದೆ ಗಬ್ಬದ ಹಸೂನ ಯಾರು ನಿಲ್ಲಿಸಂದ್ರು? ದೃಷ್ಟಿ" ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಮೆಣಸಿನಕಾಯಿಯ ಘಾಟಿಗೆ ಮನೆಯವರೆಲ್ಲ ಕೆಮ್ಮಿದೆವು. ಹಸು ಕೆಮ್ಮಲೂ ಇಲ್ಲ.

ಸೈಕಲ್ಲು ಹತ್ತಿ ದನದ ಡಾಕ್ಟರನ್ನು ಕರೆತಂದವರು ನಮ್ಮ ಯಜಮಾನರು. ಯಾರನ್ನೂ ಕೇಳದೆ ಹೋಗಿ ಬಂದರು. ಡಾಕ್ಟರು ಅಂಗಳಕ್ಕೆ ಕಾಲಿಟ್ಟವರೇ ಗದರಿದರು:

"ಯಾರ್ರೀ ಇದನ್ನ ಬಿಸಿಲಿಗೆ ಕಟ್ಟಿದ್ದು?"

"ನಾನೇ ಸಾರ್. ಬೆಚ್ಚಗಿರ್ಲಿ ಅಂತ."

"ಬೆಚ್ಚಗಲ್ಲಮ್ಮ, ಬೇಯಿಸ್ತಾ ಇದ್ದೀರ. ಲಂಟಾನ ತಿಂದಿದೆ ಇದು. ಅದು ಹೊಟ್ಟೆಗೆ ಹೋದ್ರೆ ಕಾಮಾಲೆ ಆಗುತ್ತೆ, ಮೈ ಬಿಸಿಲು ತಡೆಯಲ್ಲ. ಕಪ್ಪು ಹಸುವಾದ್ರೆ ಸ್ವಲ್ಪ ತಡ್ಕೊಳ್ತಿತ್ತು, ಈ ಬಿಳಿ ಮೂತಿಗೆ ಕಷ್ಟ. ಕತ್ತಲೆಲಿ ಇಡಿ. ಮಜ್ಜಿಗೆಗೆ ಇದ್ದಿಲು ಪುಡಿ ಕಲಸಿ ಕುಡಿಸಿ. ಮೂತಿಗೆ ಹರಳೆಣ್ಣೆ ಹಚ್ಚಿ. ಬದುಕಿದ್ರೆ ತಿಂಗಳಲ್ಲಿ ಸರಿಹೋಗುತ್ತೆ."

"ಬದುಕಿದ್ರೆ?"

"ಬದುಕಿದ್ರೆ." ಆಮೇಲೆ ಗೋಮಾಳದ ಕಡೆ ನೋಡಿ, "ಸುಟ್ರಾ ಅದನ್ನ? ಸುಡೋದು ಅಂದ್ರೆ ಲಂಟಾನಕ್ಕೆ ಕ್ಷೌರ ಮಾಡಿಸಿದ ಹಾಗೆ. ಗಡ್ಡ ಇನ್ನೂ ದಟ್ಟವಾಗಿ ಬರುತ್ತೆ. ಬುಡ ಕೀಳ್ಬೇಕಮ್ಮ, ಒಂದೊಂದೇ."

ಕೊಟ್ಟಿಗೆಗೆ ಮೂರು ಕಡೆಯಿಂದ ಬೆಳಕು. ಇಡೀ ಮನೆಯಲ್ಲಿ ಕಿಟಕಿಯಿಲ್ಲದ ಕೋಣೆ ಒಂದೇ, ನನ್ನದೂ ನಮ್ಮ ಯಜಮಾನರದೂ. ಹಾಸಿಗೆ ಸುತ್ತಿ ಜಗಲಿಗೆ ಎಸೆದೆ, ಚಂದ್ರಿಯನ್ನು ಒಳಗೆ ನಡೆಸಿದೆ. ಹೊಸಿಲು ದಾಟುವಾಗ ಅದೂ ಹೊಸ ಮದುಮಗಳಂತೆ ಸ್ವಲ್ಪ ನಾಚಿತು. ಆಮೇಲೆ ಕಟ್ಟೆಯ ಹತ್ತಿರ ಹಾಲಿನ ಸೈಕಲ್ಲು ಹಾದುಹೋದಾಗಲೆಲ್ಲ ಶುರು:

"ಏನಯ್ಯ, ಎಂಡ್ರು ನಿನ್ನ ಆಚೆ ಹಾಕಿ ಹಸೂನ ಒಳಕ್ಕೆ ಕರ್ಕಂಡವ್ಳಂತೆ?"

ಮಾತು ಕಡಿಮೆಯ ಆ ಮನುಷ್ಯ ಸೈಕಲ್ಲು ನಿಲ್ಲಿಸಿ ಹೇಳಿದರಂತೆ: "ಅದು ಗೊರಕೆ ಹೊಡೆಯಾಕಿಲ್ಲ, ಅದ್ಕೆ."

ದಿನಕ್ಕೆ ನಾಲ್ಕು ಸಲ ಬಿದಿರಿನ ಗೊಟ್ಟದಲ್ಲಿ ಇದ್ದಿಲು ಮಜ್ಜಿಗೆ ಹುಯ್ದೆ. ಅರ್ಧ ಅದರ ಹೊಟ್ಟೆಗೆ, ಅರ್ಧ ನನ್ನ ಮೈಮೇಲೆ. ಯುಗಾದಿಗೆ ಊರೆಲ್ಲ ಎಣ್ಣೆ ಸ್ನಾನ ಮಾಡಿ ಹೊಸ ಬಟ್ಟೆ ಉಟ್ಟರೆ, ನಾನು ಕೋಣೆಯಿಂದ ಹೊರಗೆ ಬಂದಾಗ ಸಿದ್ದಮ್ಮ ನೋಡಿ, "ಇದೇನೇ, ಕಮ್ಮಾರನ್ನ ಕಟ್ಕಂಡ್ಯಾ?" ಎಂದಳು. ಅವತ್ತೇ ಚಂದ್ರಿ ಮೊದಲ ಹಿಡಿ ಹುಲ್ಲು ತಿಂದಿತು. ಹೊಟ್ಟೆಗೆ ಕೈಯಿಟ್ಟು ನೋಡಿದೆ. ಒಳಗೆ ಕರು ಒದೆಯಿತು. ತಾಯಿಯ ಬುದ್ಧಿ! ಆ ಕತ್ತಲೆಯಲ್ಲಿ ಗಟ್ಟಿಯಾಗಿ ನಕ್ಕುಬಿಟ್ಟೆ.

ಯುಗಾದಿ ಕಳೆದು ಮೂರನೇ ದಿನ ಭಾವ ಸಂತೆಯ ದಲ್ಲಾಳಿಯನ್ನು ಕರೆದುಕೊಂಡು ಬಂದರು. ಹುಲ್ಲು ಬಂತು ಎಂದು ನಾನು ಹೇಳುವಂತಿರಲಿಲ್ಲ. ಅಷ್ಟರಲ್ಲಿ ಚಿಗುರು ಮೊಣಕಾಲೆತ್ತರ ಎದ್ದು ಹುಲ್ಲನ್ನು ಮುಚ್ಚಿಬಿಟ್ಟಿತ್ತು. ಯಾರ ಮನೆಯ ದನವನ್ನೂ ಅಲ್ಲಿಗೆ ಬಿಡುತ್ತಿರಲಿಲ್ಲ. ಪಂದ್ಯ ನಾನು ಸೋತಿದ್ದೆ.

ದನದ ವ್ಯಾಪಾರದಲ್ಲಿ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಹೆಗಲ ಮೇಲಿನ ವಲ್ಲಿ ತೆಗೆದು, ಅದರ ಮರೆಯಲ್ಲಿ ಒಬ್ಬರ ಕೈ ಒಬ್ಬರು ಹಿಡಿದು, ಬೆರಳು ಒತ್ತಿಯೇ ಮುಗಿಸುತ್ತಾರೆ. ದಲ್ಲಾಳಿ ವಲ್ಲಿ ಹರಡಿದ. ಭಾವ ಅದರ ಕೆಳಗೆ ಕೈ ತೂರಿಸಿದರು. "ಹಸು ಈಚೆಗೆ ಬರ್ಲಿ" ಎಂದರು ಕಂಬಕ್ಕೆ.

ದಿನಾ ಬೆಳಿಗ್ಗೆ ಚಂದ್ರಿಯ ಮೂತಿಗೆ ಹರಳೆಣ್ಣೆ ಹಚ್ಚುತ್ತಿದ್ದೆ. ಅವತ್ತು ಮರೆತಿದ್ದೆ. ನಿಜ ಹೇಳಬೇಕೆಂದರೆ ಮರೆತಿರಲಿಲ್ಲ.

ಹೊರಗೆ ತಂದೆ. ಮೂತಿಯಿಂದ ಒಣ ಚರ್ಮ ಹಾಳೆ ಹಾಳೆಯಾಗಿ ಜೋಲುತ್ತಿತ್ತು. ಕಿವಿಯ ಅಂಚು ಸುಟ್ಟ ಹಪ್ಪಳದ ಹಾಗೆ. ಜೊತೆಗೆ ಇದ್ದಿಲು ಮಜ್ಜಿಗೆಯ ಕಪ್ಪು ಗಡ್ಡ. ದಲ್ಲಾಳಿ ನೋಡಿದ. ವಲ್ಲಿಯ ಕೆಳಗಿನಿಂದ ಮೆಲ್ಲಗೆ ಕೈ ಎಳೆದುಕೊಂಡ.

"ಗೌಡ್ರೆ, ಇದು ಹಸುನಾ, ಪೊರೆ ಬಿಡ್ತಿರೋ ಹಾವಾ?"

ವಲ್ಲಿ ಕೊಡವಿ ಹೆಗಲಿಗೆ ಹಾಕಿಕೊಂಡು ಹೋದ. ಭಾವನ ಕೈ ಇನ್ನೂ ಹಾಗೇ ಗಾಳಿಯಲ್ಲಿ ಚಾಚಿಕೊಂಡಿತ್ತು. ಅತ್ತೆ ಸೆರಗು ಬಾಯಿಗೆ ಹಿಡಿದುಕೊಂಡು ಅಡಿಗೆಮನೆಗೆ ಓಡಿದರು. ನಗುವುದಕ್ಕೆ. ಭಾವ ಆ ಕೈಯನ್ನು ಪಂಚೆಗೆ ಒರೆಸಿಕೊಂಡು ಕಂಬಕ್ಕೆ ಹೇಳಿದರು:

"ಮೂತಿ ನೆಟ್ಟಗಾಗೋಗಂಟ ಇರ್ಲಿ. ಆಮ್ಯಾಕೆ ನೋಡಾನ."

ಡಾಕ್ಟರು ಹೇಳಿದ್ದು ಒಂದು ತಿಂಗಳು. ಅದರಲ್ಲಿ ಎಂಟು ದಿನ ಆಗಲೇ ಕಳೆದಿತ್ತು. ಮೂತಿಗೆ ಚರ್ಮ ಬರುವುದರೊಳಗೆ ನೆಲಕ್ಕೆ ಹುಲ್ಲು ಬರಬೇಕು. ನಾನು ಲೆಕ್ಕದಲ್ಲಿ ದಡ್ಡಿ, ಆದರೂ ಇದು ಅರ್ಥವಾಯಿತು.

ಮುಂದಿನದನ್ನು ಎಳೆಯುವುದಿಲ್ಲ. ಇಡೀ ಗೋಮಾಳಕ್ಕೆ ಎರಡು ಮಳೆಗಾಲ ಹಿಡಿಯಿತು. ಆದರೆ ಆ ಒಂದು ತಿಂಗಳಲ್ಲಿ ಕಲ್ಲುಬಾನಿಯ ಸುತ್ತ ಒಂದು ಹಸು ಮೇಯುವಷ್ಟು ನೆಲ ಬಿಡಿಸಿದ್ದೆವು. ಭಾವ ಅದನ್ನು ನಡೆದು ನೋಡಿ ಬಂದು, ಮತ್ತೆ ಮಾರುವ ಮಾತೆತ್ತಲಿಲ್ಲ. ಚಂದ್ರಿ ವೈಶಾಖದಲ್ಲಿ ಹೆಣ್ಣುಗರು ಹಾಕಿತು. ಆಮೇಲೆ ಗೋಮಾಳಕ್ಕೆ ಅಳತೆಯವರು ಬಂದು ಕಲ್ಲು ನೆಟ್ಟರು, ಸೈಟಾಯಿತು. ನಾವು ಬಿಡಿಸಿದ ನೆಲ ಅಳೆಯಲು ಸಲೀಸಾಗಿತ್ತು ಎಂದು ಅವರು ಹೊಗಳಿದರಂತೆ. ಯಾರಿಗಾಗಿ ಬಿಡಿಸಿದೆವೋ, ಯಾರು ಬಂದು ಕೂತರೋ. ನಾನು ಅದಕ್ಕೆ ಅಳಲಿಲ್ಲ, ಆಗ ನಾಲ್ಕು ಹಸುವಿನ ಹಾಲು ಕರೆಯುವುದಿತ್ತು.

ದಲ್ಲಾಳಿ ಹೋದ ಮಾರನೆ ಬೆಳಿಗ್ಗೆ ನಾನು ಮಾಡಿದ್ದು ಇಷ್ಟು. ಕೋಳಿ ಕೂಗಿದ ತಕ್ಷಣ ಎದ್ದು, ಚಂದ್ರಿಯ ಮೂತಿಗೆ ದಪ್ಪಗೆ ಎಣ್ಣೆ ಹಚ್ಚಿದೆ. ಅಟ್ಟದ ಮೇಲಿನ ಮಚ್ಚು ಮುಟ್ಟಲಿಲ್ಲ. ಹಾರೆ, ಪಿಕಾಸಿ ಹೆಗಲಿಗೆ ಹಾಕಿಕೊಂಡು ಸಿದ್ದಮ್ಮನ ಬಾಗಿಲು ಬಡಿದೆ.

"ಯಾರದು ಇಷ್ಟೊತ್ಗೆ?"

"ಇನ್ನರ್ಧ ಆಳು."

"ಬಂದೆ ಇರು, ಸೀರೆ ಕಟ್ಕತೀನಿ."

ಮೊದಲ ಬುಡ ಸುತ್ತ ಅಗೆದೆವು. ಮೇಲೆ ಬೆರಳಷ್ಟು ಚಿಗುರು, ಕೆಳಗೆ ತೊಡೆಯಷ್ಟು ದಪ್ಪ, ಎಂಟು ಕಡೆಗೆ ಬೇರು. ಹಾರೆ ತೂರಿಸಿ ಅವಳು ಒತ್ತಿದಳು, ನಾನು ಜಗ್ಗಿದೆ. ಬರಲಿಲ್ಲ. ಇಬ್ಬರೂ ಹಾರೆಯ ತುದಿಯಲ್ಲಿ ಕೂತೇಬಿಟ್ಟೆವು. ನೆಲದೊಳಗೆ ಏನೋ ಲಟಲಟ ಅಂದಿತು, ನಾವಿಬ್ಬರೂ ಅಂಗಾತ ಬಿದ್ದೆವು. ಬುಡ ಬಂದಿತ್ತು! ಮಣ್ಣು ಸಮೇತ ಅದನ್ನು ತಲೆಯ ಮೇಲೆ ಹೊತ್ತು ಮನೆಗೆ ತಂದೆ. ಭಾವ ಇನ್ನೂ ಎದ್ದಿರಲಿಲ್ಲ. ಜಗಲಿಯ ಕೆಳಗೆ, ಅವರ ಚಪ್ಪಲಿಯ ಪಕ್ಕದಲ್ಲಿ ಇಟ್ಟೆ. ಒಂದು ಚೊಂಬು ನೀರು ಕುಡಿದು, ಎರಡನೆಯದನ್ನು ಕೀಳಲು ಹೋದೆ.